ಮನೆಗಿಂತ ಮೊದಲು ರಸ್ತೆ ಅಳೆಯಿರಿ: ಬೆಳೆಯುತ್ತಿರುವ ಬೆಂಗಳೂರಿನಲ್ಲಿ ಯಾವ ಬೀದಿ ಯಾರಿಗೆ?

ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಸೈಟು, ಮನೆ ನೋಡಲು ಹೊರಟವರು ಕೇಳುವ ಪ್ರಶ್ನೆಗಳು ನಿಮಗೂ ಗೊತ್ತು. ಚದರಡಿಗೆ ಎಷ್ಟು? ಎ ಖಾತಾನಾ, ಬಿ ಖಾತಾನಾ? ಕಾವೇರಿ ಬಂದಿದೆಯಾ? ಬಾಗಿಲು ಪೂರ್ವಕ್ಕಿದೆಯಾ? ಇವನ್ನೆಲ್ಲ ಕೇಳಲೇಬೇಕು. ಆದರೆ ಹತ್ತು ವರ್ಷ ಕಳೆದ ಮೇಲೆ ಆ ಮನೆಯಲ್ಲಿ ಗಾಳಿ ಬೆಳಕು ಎಷ್ಟಿರುತ್ತದೆ, ಗೇಟಿನ ಮುಂದೆ ಯಾರ ಗಾಡಿ ನಿಂತಿರುತ್ತದೆ, ರಾತ್ರಿ ಎಷ್ಟು ಗಂಟೆಗೆ ನಿದ್ದೆ ಬರುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಬಹುಪಾಲು ಇನ್ನೊಂದು ಸಂಖ್ಯೆ. ಅದು ಮನೆ ಮುಂದಿನ ರಸ್ತೆಯ ಅಗಲ.

ಮನೆಯ ಟೈಲ್ಸ್ ಬದಲಾಯಿಸಬಹುದು, ಅಡುಗೆಮನೆ ಒಡೆದು ಕಟ್ಟಬಹುದು. ಎದುರು ಸೈಟಿನಲ್ಲಿ ಏನು ಮೇಲೇಳುತ್ತದೆ ಅನ್ನುವುದು ಮಾತ್ರ ನಿಮ್ಮ ಕೈಲಿಲ್ಲ. ಅದಕ್ಕೇ ಇಲ್ಲಿ ಮನೆಗಳನ್ನು ಬಿಟ್ಟು ಬೀದಿಗಳನ್ನು ಹೋಲಿಸಿದ್ದೇನೆ. 30 ಅಡಿ ಕ್ರಾಸ್, 40 ಅಡಿ ರಸ್ತೆ, 60ರಿಂದ 100 ಅಡಿಯ ಮೇನ್ ರೋಡ್, ಹೊಲ ಒಡೆದು ಸೈಟು ಮಾಡಿದ ರೆವಿನ್ಯೂ ಲೇಔಟಿನ ಗಲ್ಲಿ, ಗೇಟ್ ಹಾಕಿದ ಲೇಔಟು. ಬೆಲೆಯ ತಂಟೆಗೆ ಹೋಗುವುದಿಲ್ಲ. ಅದು ತಿಂಗಳಿಗೊಂದು ಬಣ್ಣ ಬದಲಿಸುತ್ತದೆ.

ಮೊದಲು ಸ್ವಲ್ಪ ಲೆಕ್ಕ

ಬೆಂಗಳೂರಿನಲ್ಲಿ ಎಷ್ಟು ಕಟ್ಟಬಹುದು ಅನ್ನುವುದಕ್ಕೆ ಇವತ್ತಿಗೂ ಆಧಾರ 2007ರಲ್ಲಿ ಜಾರಿಯಾದ ಮಾಸ್ಟರ್ ಪ್ಲಾನ್ 2015. 2031ರ ಕರಡು 2017ರಲ್ಲೇ ಹೊರಬಂತು, ಅಂತಿಮವಾಗಲಿಲ್ಲ. ಹೆಸರಿನಲ್ಲಿರುವ ವರ್ಷ ಮುಗಿದು ಎಷ್ಟೋ ಕಾಲವಾದರೂ ಹಳೇ ಪ್ಲಾನೇ ಓಡುತ್ತಿದೆ.

ಅದರಲ್ಲಿ ಎಫ್‌ಎಆರ್ ಅಂತ ಒಂದಿದೆ. ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿ ಅದು. ವಸತಿ ವಲಯದಲ್ಲಿ 12 ಮೀಟರ್‌ವರೆಗಿನ ರಸ್ತೆಗೆ 1.75. 12ರಿಂದ 18 ಮೀಟರ್‌ಗೆ 2.25. 18ರಿಂದ 24ಕ್ಕೆ 2.5. 24ರಿಂದ 30ಕ್ಕೆ 3. ಅದಕ್ಕೂ ಅಗಲವಾದರೆ 3.25. ಸೈಟೂ ಅದಕ್ಕೆ ತಕ್ಕಷ್ಟು ದೊಡ್ಡದಿರಬೇಕು. 360 ಚದರ ಮೀಟರ್ ದಾಟದ ಸೈಟಿಗೆ ರಸ್ತೆ ಎಷ್ಟೇ ಅಗಲವಿದ್ದರೂ 1.75 ಮಾತ್ರ.

ಈಗ ಅಡಿಯನ್ನು ಮೀಟರ್‌ಗೆ ಇಳಿಸಿ ನೋಡಿ. 30 ಅಡಿ ಅಂದರೆ 9.1 ಮೀಟರ್. 40 ಅಡಿ 12.2. 60 ಅಡಿ 18.3. 80 ಅಡಿ 24.4. 100 ಅಡಿ 30.5. 30 ಅಡಿಯದ್ದು ಬಿಟ್ಟರೆ ಉಳಿದ ಒಂದೊಂದು ರಸ್ತೆಯೂ ಒಂದೊಂದು ಗಡಿಯನ್ನು ಕೂದಲೆಳೆಯಷ್ಟು ದಾಟಿ ನಿಂತಿದೆ, ಅಲ್ವಾ? ಹಾಗಾಗಿ 40 ಅಡಿ ರಸ್ತೆಯನ್ನು "30ಕ್ಕಿಂತ ಸ್ವಲ್ಪ ಅಗಲ" ಅಂತ ನೋಡಬಾರದು. ಕಾಗದದ ಮೇಲೆ ಅದು ಬೇರೆ ಜಾತಿಯದೇ ರಸ್ತೆ.

ಒಂದು ಉದಾಹರಣೆ. 40x60 ಸೈಟು ಅಂದರೆ 2,400 ಚದರಡಿ, ಸುಮಾರು 223 ಚದರ ಮೀಟರ್. 1.75ರ ಲೆಕ್ಕದಲ್ಲಿ 4,200 ಚದರಡಿ ಕಟ್ಟಬಹುದು. ಅಕ್ಕಪಕ್ಕದ ಎರಡು ಸೈಟು ಬೇರೆ ಬೇರೆ ಇದ್ದರೆ ಒಟ್ಟು 8,400. ಆ ಎರಡನ್ನೂ ಒಬ್ಬರೇ ಕೊಂಡು ಒಂದು ಮಾಡಿದರೆ 446 ಚದರ ಮೀಟರ್ ಆಗುತ್ತದೆ, 360ರ ಗಡಿ ದಾಟುತ್ತದೆ. ರಸ್ತೆ 40 ಅಡಿಯದ್ದಾದರೆ ಎಫ್‌ಎಆರ್ 2.25ಕ್ಕೆ ಏರಿ 10,800 ಚದರಡಿ ಆಯಿತು. 2,400 ಚದರಡಿ ಸುಮ್ನೆ ಹುಟ್ಟಿಕೊಂಡಿತು. ಅದೇ ಎರಡು ಸೈಟು 30 ಅಡಿ ರಸ್ತೆಯಲ್ಲಿದ್ದರೆ? ಒಂದು ಮಾಡಿದರೂ ಅಷ್ಟೇ, ಮಾಡದಿದ್ದರೂ ಅಷ್ಟೇ. 8,400 ದಾಟುವುದಿಲ್ಲ.

"ಹಳೇ ಮನೆ ಕೊಡ್ತೀರಾ ಸಾರ್, ಜಾಯಿಂಟ್ ಡೆವಲಪ್‌ಮೆಂಟಿಗೆ ಬರ್ತೀರಾ" ಅಂತ ಬಿಲ್ಡರ್‌ಗಳು 40 ಅಡಿ ರಸ್ತೆಗಳಲ್ಲೇ ಯಾಕೆ ಜಾಸ್ತಿ ಓಡಾಡುತ್ತಾರೆ ಅನ್ನುವುದಕ್ಕೆ ಇದೂ ಒಂದು ಕಾರಣ. ಜಾಯಿಂಟ್ ಡೆವಲಪ್‌ಮೆಂಟ್ ಅಂದರೆ ಜಾಗ ನಿಮ್ಮದು, ಕಟ್ಟುವ ಖರ್ಚು ಬಿಲ್ಡರ್‌ದು, ಕಟ್ಟಿದ್ದರಲ್ಲಿ ಇಬ್ಬರಿಗೂ ಪಾಲು. ಟಿಡಿಆರ್ (ರಸ್ತೆಗೆ ಜಾಗ ಬಿಟ್ಟವರಿಗೆ ಸಿಗುವ, ಮಾರಬಹುದಾದ ಕಟ್ಟುವ ಹಕ್ಕು), ಪ್ರೀಮಿಯಂ ಎಫ್‌ಎಆರ್ ಅಂತ ಹಣ ಕೊಟ್ಟು ಇನ್ನಷ್ಟು ಮೇಲೇರುವ ದಾರಿಗಳೂ ಇವೆ. ನಿಯಮ ಆಗಾಗ ತಿದ್ದುಪಡಿಯಾಗುತ್ತದೆ, ಹಾಗಾಗಿ ಕೊಳ್ಳುವ ಹೊತ್ತಿಗೆ ಜಾರಿಯಲ್ಲಿರುವ ಅಂಕಿಯನ್ನು ಒಬ್ಬ ಆರ್ಕಿಟೆಕ್ಟ್ ಹತ್ತಿರ ಕೇಳಿಕೊಳ್ಳಿ. ಅಗಲ ಹೆಚ್ಚಿದಂತೆ ಎತ್ತರ ಹೆಚ್ಚುತ್ತದೆ ಅನ್ನುವ ಸಂಬಂಧ ಮಾತ್ರ ಬದಲಾಗಿಲ್ಲ.

30 ಅಡಿ ಕ್ರಾಸ್

ಬಿಡಿಎ ಲೇಔಟುಗಳಲ್ಲಿ, ಹೌಸಿಂಗ್ ಸೊಸೈಟಿ ಲೇಔಟುಗಳಲ್ಲಿ ಮಾಮೂಲಿ ಸಿಗುವ ರಸ್ತೆ ಇದು. 30x40 ಸೈಟುಗಳು ಎದುರುಬದುರು ಸಾಲಾಗಿ ಕೂತಿರುತ್ತವೆ.

ಕಾಂಪೌಂಡಿನಿಂದ ಕಾಂಪೌಂಡಿಗೆ 30 ಅಡಿ. ಎರಡೂ ಬದಿಯ ಚರಂಡಿಗೆ, ಅದರ ಮೇಲೆ ಗೇಟಿಗೆ ಇಳಿಸಿದ ರ‍್ಯಾಂಪಿಗೆ ಮೂರು ಮೂರು ಅಡಿ ಕಳೆಯಿರಿ. 24 ಉಳಿಯಿತು. ಕಾರು ಆರು ಅಡಿ ಅಗಲ, ಎರಡೂ ಬದಿ ನಿಂತರೆ ಇನ್ನು 12. ಕನ್ನಡಿ, ಬಾಗಿಲು ತೆಗೆಯುವ ಜಾಗ ಅಂತ ಬಿಟ್ಟರೆ ಹತ್ತು ಅಡಿ. ಒಂದು ಸಲಕ್ಕೆ ಒಂದೇ ಗಾಡಿ. ಬೆಳಿಗ್ಗೆ ಕಸದ ಆಟೊ ನಿಂತಿತು ಅಂದರೆ ಹಿಂದೆ ಸ್ಕೂಲ್ ವ್ಯಾನು, ಅದರ ಹಿಂದೆ ಆಫೀಸಿಗೆ ಹೊರಟವರು. ಹಾರನ್ ಶುರು.

ಇದು ದೋಷ ಅನಿಸಿದರೂ ನನ್ನ ಮಟ್ಟಿಗೆ ಗುಣವೂ ಹೌದು. ಇಕ್ಕಟ್ಟಾದ ಬೀದಿಯಲ್ಲಿ ಯಾರೂ ಜೋರಾಗಿ ಓಡಿಸಲಾರರು. ಸಂಜೆ ಮಕ್ಕಳು ಕ್ರಿಕೆಟ್ ಆಡುವುದು ಇಂಥಲ್ಲೇ. 40 ಅಡಿಗಿಂತ ಕಿರಿದಾದ ವಸತಿ ರಸ್ತೆಗಳಲ್ಲಿ ವ್ಯಾಪಾರಕ್ಕೆ ಲೈಸೆನ್ಸ್ ಸಾಮಾನ್ಯವಾಗಿ ಸಿಗುವುದಿಲ್ಲ, ಹಾಗಾಗಿ ಪಕ್ಕದ ಮನೆ ರಾತ್ರೋರಾತ್ರಿ ದರ್ಶಿನಿ ಆಗುವ ಭಯ ಕಮ್ಮಿ. ಪಿಜಿ ಆಗುವ ಭಯ ಇದ್ದೇ ಇದೆ. ನಿಯಮದಲ್ಲಿ 1.75 ಅಂತಿದ್ದರೂ 30x40ರಲ್ಲಿ ಐದು ಮಹಡಿ ಎಬ್ಬಿಸಿದವರನ್ನು ಎಲ್ಲ ಬಡಾವಣೆಯಲ್ಲೂ ನೋಡಿದ್ದೇವೆ. ಹಾಗಾಗಿ ಈಗಾಗಲೇ ಆ ಬೀದಿಯಲ್ಲಿ ಅಂಥ ಕಟ್ಟಡ ಎಷ್ಟಿವೆ ಅಂತ ತಲೆ ಎತ್ತಿ ನೋಡಿ. ಒಂದಿದ್ದರೆ ಇನ್ನೊಂದು ಬರುತ್ತದೆ.

ಎಲ್ಲ 30 ಅಡಿ ಕ್ರಾಸೂ ಒಂದೇ ಅಲ್ಲ. ಎರಡು ಮೇನ್ ರೋಡುಗಳ ನಡುವೆ ನೇರ ಹಾದುಹೋಗುವ ಕ್ರಾಸು, ಮೇನ್ ರೋಡಲ್ಲಿ ಟ್ರಾಫಿಕ್ ಕಟ್ಟಿಕೊಂಡ ಕೂಡಲೇ ಅಡ್ಡದಾರಿ ಆಗಿಬಿಡುತ್ತದೆ. ಮ್ಯಾಪ್ ಹೇಳಿತು ಅಂತ ಎಲ್ಲಿಂದಲೋ ಬಂದವರು ನಿಮ್ಮ ಗೇಟಿನ ಮುಂದೆ ಹಾಯುತ್ತಾರೆ. ಪರೀಕ್ಷೆ ಸುಲಭ. ವಾರದ ದಿನ ಸಂಜೆ ಏಳಕ್ಕೆ ಫೋನಿನಲ್ಲಿ ಆ ಎರಡು ಮೇನ್ ರೋಡುಗಳ ನಡುವೆ ದಾರಿ ಕೇಳಿ. ನೀಲಿ ಗೆರೆ ನೀವು ನೋಡಿದ ಕ್ರಾಸಿನ ಮೇಲೆ ಬಿದ್ದರೆ, ಆ ಬೀದಿಯ ಶಾಂತಿ ಬೆಳಿಗ್ಗೆ ಹನ್ನೊಂದಕ್ಕೆ ತೋರಿಸಲು ಮಾತ್ರ ಇರುವಂಥದ್ದು. ಬ್ರೋಕರ್‌ಗಳು ಮನೆ ತೋರಿಸುವುದೂ ಹನ್ನೊಂದಕ್ಕೇ.

ಬೀದಿ ಬಂದು ನೇರವಾಗಿ ಮನೆಗೆ ಗುದ್ದುವ ಸೈಟನ್ನು ವಾಸ್ತುವಿನವರು ವೀಧಿ ಶೂಲ ಅಂತ ಬೇಡ ಅನ್ನುತ್ತಾರೆ. ವಾಸ್ತು ನಂಬದವರಿಗೂ ಅಲ್ಲಿ ಒಂದು ಕಾರಣವಿದೆ. ಬರುವ ಪ್ರತಿ ಗಾಡಿಯ ಹೆಡ್‌ಲೈಟ್ ಹಾಲ್‌ನ ಗೋಡೆಗೇ ಹೊಡೆಯುತ್ತದೆ.

40 ಅಡಿ ರಸ್ತೆ

ಬ್ರೋಕರ್‌ಗಳ ಬಾಯಲ್ಲಿ ಅತಿ ಹೆಚ್ಚು ಹೊಗಳಿಕೆ ಪಡೆಯುವ ರಸ್ತೆ ಇದು. "ನಲವತ್ತು ಅಡಿ ರೋಡ್ ಸಾರ್, ಆರಾಮಾಗಿ ಎರಡು ಕಾರು ಹೋಗತ್ತೆ." ಹೌದು, ಇವತ್ತು ಹೋಗುತ್ತದೆ.

ನಾನು ಮನೆ ಹುಡುಕುವವರಿಗೆ ಅತಿ ಎಚ್ಚರಿಕೆಯಿಂದ ನೋಡಿ ಅನ್ನುವುದು ಇದನ್ನೇ. ಕಾರಣ ಮೇಲೆ ಹೇಳಿದ ಎರಡು ಬಾಗಿಲೂ ಇಲ್ಲಿ ಒಟ್ಟಿಗೆ ತೆರೆದಿವೆ. ಸೈಟು ಒಂದುಗೂಡಿಸಿ ಅಪಾರ್ಟ್‌ಮೆಂಟ್ ಕಟ್ಟಬಹುದು. ವ್ಯಾಪಾರಕ್ಕೂ ದಾರಿಯಿದೆ. ಆದರೆ ಆ ಅಪಾರ್ಟ್‌ಮೆಂಟಿನ ಕಾರುಗಳನ್ನು, ಆ ಅಂಗಡಿಗೆ ಬರುವವರ ಸ್ಕೂಟರುಗಳನ್ನು ಹೊರುವಷ್ಟು ಅಗಲ ರಸ್ತೆಗಿಲ್ಲ. 60 ಅಡಿ ರಸ್ತೆಯಾದರೆ ಅಷ್ಟಿಷ್ಟು ತಡೆಯುತ್ತದೆ. 40 ಅಡಿಗೆ ಮೇನ್ ರೋಡಿನ ಕೆಲಸ ಬಂದಿರುತ್ತದೆ, ಕ್ರಾಸಿನ ಮೈಕಟ್ಟು ಇರುತ್ತದೆ.

ಇದು ನಡೆಯುವ ಕ್ರಮವೂ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮೊದಲು ಒಬ್ಬರ ಗ್ಯಾರೇಜಿನಲ್ಲಿ ಝೆರಾಕ್ಸ್ ಅಂಗಡಿ, ಇಸ್ತ್ರಿ ಅಂಗಡಿ. ಜನಕ್ಕೂ ಅನುಕೂಲ. ಆಮೇಲೆ ಮೂಲೆಯಲ್ಲೊಂದು ಕ್ಲಿನಿಕ್ಕು, ಮೆಡಿಕಲ್ ಸ್ಟೋರು. ಮೂಲೆ ಸೈಟಿನವರು ಹಳೇ ಮನೆ ಕೆಡವಿ ನಾಲ್ಕು ಮಹಡಿ ಕಟ್ಟುತ್ತಾರೆ, ಕೆಳಗೆ ಬೇಕರಿ. ಬೇಕರಿ ಬಂದ ಮೇಲೆ ಸಂಜೆ ಟೀ ಕುಡಿಯುವವರ ಬೈಕುಗಳು ಎರಡು ಮನೆ ಗೇಟು ಮುಚ್ಚುತ್ತವೆ. ಆ ಎರಡು ಮನೆಯವರು ಜಗಳವಾಡಿ ಸುಸ್ತಾಗಿ ಬಾಡಿಗೆಗೆ ಕೊಟ್ಟು ಹೋಗುತ್ತಾರೆ. ಬಾಡಿಗೆಗೆ ಬರುವುದು ಆಫೀಸು, ಇಲ್ಲಾ ಜಿಮ್ಮು. ಎಚ್‌ಎಸ್‌ಆರ್ ಲೇಔಟಿನಲ್ಲಿ, ಇಂದಿರಾನಗರದ ಒಳರಸ್ತೆಗಳಲ್ಲಿ ನಡೆದು ನೋಡಿ, ಈ ಬದಲಾವಣೆಯ ಬೇರೆ ಬೇರೆ ಹಂತ ಒಂದೊಂದು ರಸ್ತೆಯಲ್ಲಿ ಕಾಣುತ್ತದೆ.

ಹಾಗಂತ 40 ಅಡಿ ಬೇಡವೇ ಬೇಡ ಅನ್ನುತ್ತಿಲ್ಲ. ನಿಮ್ಮ ಉದ್ದೇಶ ಏನು ಅನ್ನುವುದು ಮುಖ್ಯ. ಮುಂದೆ ಕೆಳಮನೆಯನ್ನು ಆಫೀಸಿಗೆ ಬಾಡಿಗೆ ಕೊಟ್ಟು ಮೇಲಿರುವ ಯೋಚನೆ ಇದ್ದರೆ, ಅಥವಾ ಹದಿನೈದು ವರ್ಷ ಬಿಟ್ಟು ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಡುವ ಲೆಕ್ಕ ಇದ್ದರೆ ಇದಕ್ಕಿಂತ ಒಳ್ಳೇ ರಸ್ತೆ ಇಲ್ಲ. ರಿಟೈರ್ ಆದ ಮೇಲೆ ತಣ್ಣಗೆ ಕೂರಲು ಮನೆ ಬೇಕು ಅನ್ನುವವರು, ಅದೇ ಲೇಔಟಿನಲ್ಲಿ ಎರಡು ತಿರುವು ಒಳಗಿನ 30 ಅಡಿ ನೋಡಲಿ. ಒಂದು ವಿನಾಯಿತಿ ಇದೆ. ರಸ್ತೆಯ ಒಂದು ಬದಿ ಪೂರ್ತಿ ಪಾರ್ಕು ಇದ್ದರೆ 40 ಅಡಿಯನ್ನು ಕಣ್ಣುಮುಚ್ಚಿ ಒಪ್ಪಬಹುದು. ಎದುರು ಏಳುವ ಕಟ್ಟಡವೇ ಇಲ್ಲ. ಆದರೆ ಅದು ನಕ್ಷೆಯಲ್ಲೂ ಪಾರ್ಕೇನಾ, ಸಾರ್ವಜನಿಕ ಸೌಲಭ್ಯಕ್ಕೆ ಮೀಸಲಿಟ್ಟ ಸಿಎ ಸೈಟಾ ಅಂತ ನೋಡಿ. ಸಿಎ ಸೈಟಿನಲ್ಲಿ ನಾಳೆ ಶಾಲೆಯೋ ಸಮುದಾಯ ಭವನವೋ ಬರಬಹುದು. ಮದುವೆ ಸೀಸನ್ನಿನಲ್ಲಿ ಸಮುದಾಯ ಭವನದ ಎದುರು ಮನೆ ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ.

60, 80, 100 ಅಡಿ

ಇಲ್ಲಿ ಭ್ರಮೆಗೆ ಜಾಗ ಕಮ್ಮಿ. ಇಂದಿರಾನಗರದ 100 ಅಡಿ ರಸ್ತೆ ಒಂದು ಕಾಲಕ್ಕೆ ಬಂಗಲೆಗಳ ಸಾಲು, ಇವತ್ತು ಬಟ್ಟೆ ಅಂಗಡಿ, ಹೋಟೆಲ್, ಪಬ್ಬುಗಳ ಸಾಲು. ಪಕ್ಕದ ಸಿಎಂಎಚ್ ರಸ್ತೆಯ ಮೇಲೆ 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೋದ ಮೊದಲ ರೈಲು ಓಡಿತು. ಅಗಲ ರಸ್ತೆ ಅಂದ ಮೇಲೆ ಮೆಟ್ರೋ ಕಂಬ, ಮೇಲ್ಸೇತುವೆ, ಅಂಡರ್‌ಪಾಸು ಎಲ್ಲವೂ ಹುಡುಕಿಕೊಂಡು ಬರುವುದು ಅಲ್ಲಿಗೇ. ಕಾಮಗಾರಿ ವರ್ಷಗಟ್ಟಲೆ ನಡೆಯುತ್ತದೆ. ಮುಗಿದ ಮೇಲೆ ಎರಡನೇ ಮಹಡಿಯ ಬಾಲ್ಕನಿಯ ಎತ್ತರಕ್ಕೇ ರೈಲು.

ಇಲ್ಲಿ ಸ್ವತಂತ್ರ ಮನೆ ಕೊಳ್ಳುವುದಕ್ಕಿಂತ ಫ್ಲ್ಯಾಟು ವಾಸಿ, ಅದೂ ರಸ್ತೆಯಿಂದ ಹಿಂದೆ ಸರಿದ ಬ್ಲಾಕಿನಲ್ಲಿ. ಮೆಟ್ರೋ ನಿಲ್ದಾಣಕ್ಕೆ ನಡೆದೇ ಹೋಗುವ ದೂರ ಅಂದರೆ ಅದರ ಮುಂದೆ ಉಳಿದ ತೊಂದರೆ ಸಣ್ಣದು ಅನ್ನುವವರು ಬಹಳ ಜನ. ಆದರೆ "500 ಮೀಟರ್" ಅನ್ನುವ ಜಾಹೀರಾತು ನಂಬಬೇಡಿ, ನೀವೇ ನಡೆಯಿರಿ. ನಿಲ್ದಾಣ ರಸ್ತೆಯ ಆಚೆ ಬದಿಗಿದ್ದು ಈ ಬದಿಗೆ ಮೆಟ್ಟಿಲು ಇಲ್ಲದಿದ್ದರೆ, ಡಿವೈಡರ್ ದಾಟಲು ಜಾಗ ಎಲ್ಲಿದೆ? ಗಾಡಿಯಲ್ಲಿ ಮನೆಗೆ ಬರಲು ಯೂ ಟರ್ನ್ ಎಷ್ಟು ಮುಂದಿದೆ? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಮೇನ್ ರೋಡಿನ ಬಗ್ಗೆ ತಿಳಿಯಬೇಕಾದ್ದು ಬಹುಪಾಲು ತಿಳಿದಂತೆ.

ರೆವಿನ್ಯೂ ಲೇಔಟಿನ ಗಲ್ಲಿ

2007ರಲ್ಲಿ ಬಿಬಿಎಂಪಿ ಆದಾಗ ಸುತ್ತಲಿನ ನಗರಸಭೆಗಳ ಜೊತೆ 110 ಹಳ್ಳಿಗಳೂ ನಗರಕ್ಕೆ ಸೇರಿದವು. ಹೊಲಗಳನ್ನು ಸೈಟು ಮಾಡಿ ಮಾರಿದ ಬಡಾವಣೆಗಳು ಅಲ್ಲಿ ಜಾಸ್ತಿ. ರಸ್ತೆ ಹೊಲದ ಬದುವಿನ ಗುಂಟ ಹೋಗುತ್ತದೆ. ಒಬ್ಬರ ಲೇಔಟಿನ 20 ಅಡಿ ರಸ್ತೆ ಪಕ್ಕದವರ ಲೇಔಟಿನ ಕಾಂಪೌಂಡಿಗೆ ಬಂದು ನಿಂತುಬಿಡುತ್ತದೆ. ಆಚೆ ಬದಿಯ ರಸ್ತೆ ಎರಡು ಅಡಿ ಮೇಲಿರುತ್ತದೆ, ಅದರ ಮಳೆ ನೀರು ಈಚೆಗೆ.

ಖಾತಾ ವಿಷಯ ಇಲ್ಲಿ ಬಿಡುತ್ತೇನೆ, ಅದಕ್ಕೆ ವಕೀಲರಿದ್ದಾರೆ. ಬೀದಿಯ ಮಟ್ಟಿಗೆ ನೋಡಬೇಕಾದ್ದು ಎರಡು.

ಒಂದು, ದೊಡ್ಡ ಗಾಡಿ ಒಳಗೆ ಬಂದು ತಿರುಗಿಕೊಂಡು ಹೋಗಬಲ್ಲದಾ? 2024ರ ಮಾರ್ಚಿನಲ್ಲಿ ನೀರಿನ ಬರ ಬಂದಾಗ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ದೊಡ್ಡ ಟ್ಯಾಂಕರ್ ತರಿಸಿದರೆ ಅಗ್ಗ. ಆದರೆ ಗಲ್ಲಿಯ ಕೊನೆಯ ಮನೆಗೆ ದೊಡ್ಡದು ಬರಲಾರದು, ಸಣ್ಣದು ರಿವರ್ಸಿನಲ್ಲಿ ಬರಬೇಕು. ಟ್ಯಾಂಕರ್ ಬರದ ಕಡೆ ಆಂಬುಲೆನ್ಸು, ಫೈರ್ ಇಂಜಿನ್ನೂ ಕಷ್ಟಪಡುತ್ತವೆ. ವಯಸ್ಸಾದವರಿರುವ ಮನೆಗೆ ನಾನು ಇಂಥ ಗಲ್ಲಿ ಬೇಡ ಅನ್ನುವುದು ಇದೊಂದೇ ಕಾರಣಕ್ಕೆ.

ಎರಡು, ಕೊಳವೆಗಳು ಬಂದಾಗಿವೆಯಾ? ಕಾವೇರಿ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, ಮುಖ್ಯವಾಗಿ ಈ 110 ಹಳ್ಳಿಗಳಿಗೆ. ಆದರೆ ನೀರು ಬಡಾವಣೆಗೆ ಬರುವುದು ಬೇರೆ, ನಿಮ್ಮ ಗಲ್ಲಿಗೆ ಬರುವುದು ಬೇರೆ. ರಸ್ತೆಗೆ ಈಗಷ್ಟೇ ಡಾಂಬರು ಹಾಕಿ ಪಳಪಳ ಅನ್ನುತ್ತಿದ್ದರೆ ಖುಷಿಪಡುವ ಮೊದಲು ಅಕ್ಕಪಕ್ಕದವರನ್ನು ಕೇಳಿ: ಯುಜಿಡಿ (ಒಳಚರಂಡಿ) ಆಯಿತಾ, ಕಾವೇರಿ ಪೈಪು ಹಾಕಿಯಾಯಿತಾ? ಇಲ್ಲ ಅಂದರೆ ಆ ಡಾಂಬರು ಅಗೆಯಲಿಕ್ಕೇ ಹಾಕಿದ್ದು. ರಸ್ತೆ ಉದ್ದಕ್ಕೂ ಮುಚ್ಚಿದ ಕಾಲುವೆಯ ಗುರುತು, ಉಬ್ಬಿದ ಮ್ಯಾನ್‌ಹೋಲ್ ಇರುವ ಕೊಳಕು ರಸ್ತೆಯೇ ಇಲ್ಲಿ ಹೆಚ್ಚು ಭರವಸೆಯದ್ದು. ಅದರ ಕೆಲಸ ಮುಗಿದಿದೆ.

ಗೇಟ್ ಹಾಕಿದ ಲೇಔಟು

ಒಳಗೆ ನೋಡಲು ಚೆಂದ. ಕೇಬಲ್ ನೆಲದಡಿ, ಮರಗಳ ಸಾಲು, ಗಾಡಿಗೆ 20 ಕಿಲೋಮೀಟರ್ ವೇಗದ ಬೋರ್ಡು. ಮಕ್ಕಳಿರುವವರಿಗೆ ಹಿಡಿಸುವುದು ಸಹಜ.

ಎರಡು ಮಾತು ಮಾತ್ರ. ಲೇಔಟಿಗೆ ಮಂಜೂರಾತಿ ಪಡೆಯುವಾಗ ರಸ್ತೆ, ಪಾರ್ಕುಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿದ್ದರೆ ಅವು ಸಾರ್ವಜನಿಕ ಆಸ್ತಿ. ಗೇಟು ಹಾಕಿ ಸೆಕ್ಯೂರಿಟಿ ನಿಲ್ಲಿಸಿದ ಮಾತ್ರಕ್ಕೆ ಖಾಸಗಿ ಆಗುವುದಿಲ್ಲ. ಹೈಕೋರ್ಟೂ ಇದನ್ನು ಹೇಳಿದೆ. "ನಮ್ಮ ರಸ್ತೆಗೆ ಹೊರಗಿನವರು ಬರಲ್ಲ" ಅನ್ನುವ ಮಾತಿಗೆ ಬೆಲೆ ಕಟ್ಟಬೇಡಿ. ಇನ್ನೊಂದು, ಒಳಗಿನ ರಸ್ತೆ ಎಷ್ಟೇ ಚೆನ್ನಾಗಿರಲಿ ನೀವು ದಿನಾ ಓಡಾಡುವುದು ಗೇಟಿನಾಚೆಯ ರಸ್ತೆಯಲ್ಲಿ. ನೂರಾರು ಮನೆಯ ಲೇಔಟಿಗೆ ಹೊರಗೆ ಹೋಗಲು ಇರುವುದು ಹಳ್ಳಿಯ ಕಾಲದ 20 ಅಡಿ ದಾರಿ ಅಂದರೆ ಒಳಗಿನ ಚೆಂದ ಏನು ಪ್ರಯೋಜನ?

ಮತ್ತೆ ನೀರು. 2022ರ ಸೆಪ್ಟೆಂಬರ್ ಮಳೆಯಲ್ಲಿ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಲೇಔಟಿನವರನ್ನು ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. 2025ರ ಮೇನಲ್ಲಿ ಹೊರಮಾವಿನ ಸಾಯಿ ಲೇಔಟು ಮುಳುಗಿತು. ಒಂದು ಶ್ರೀಮಂತರ ಲೇಔಟು, ಇನ್ನೊಂದು ಮಧ್ಯಮ ವರ್ಗದ್ದು. ಇಳಿಜಾರು ಯಾರ ಮುಖವನ್ನೂ ನೋಡುವುದಿಲ್ಲ. ಸರ್ಕಾರದ ಭೂನಕ್ಷೆ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗದ ಸರ್ವೆ ನಂಬರ್ ತೆಗೆದು ಕೆರೆ, ರಾಜಕಾಲುವೆ, ಖರಾಬು (ಸಾಗುವಳಿಗೆ ಬಾರದ್ದು ಅಂತ ದಾಖಲಾದ ಜಾಗ) ಎಲ್ಲಿವೆ ಅಂತ ನೋಡಿ. ಮಾಸ್ಟರ್ ಪ್ಲಾನ್ 2015ರಲ್ಲಿ ಕೆರೆಗೆ 30 ಮೀಟರ್, ರಾಜಕಾಲುವೆಗೆ ದೊಡ್ಡದು ಸಣ್ಣದು ನೋಡಿಕೊಂಡು 50, 25, 15 ಮೀಟರ್ ಬಿಡಬೇಕು ಅಂತಿದೆ. ಕೆರೆಗೆ 75 ಮೀಟರ್ ಬಿಡಬೇಕು ಅಂತ 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದನ್ನು 2019ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಈ ಅಂತರಕ್ಕೆ ಸರ್ಕಾರ ಆಗಾಗ ಕೈ ಹಾಕುತ್ತಲೇ ಇರುತ್ತದೆ. ಕಾನೂನಿನ ಅಂತರ ಎಷ್ಟಾದರೂ ಇರಲಿ, ನೀವು ಇನ್ನಷ್ಟು ದೂರವೇ ಇರಿ.

ರಸ್ತೆಯ ಮೈಗಿಂತ ಅಂಚು

ಬಡಾವಣೆಯಲ್ಲಿ "ರಸ್ತೆ ಅಭಿವೃದ್ಧಿ" ಅಂದಾಗ ಎಲ್ಲರೂ ಡಾಂಬರಾ, ವೈಟ್‌ಟಾಪಿಂಗಾ ಅಂತ ಚರ್ಚಿಸುತ್ತಾರೆ. ನಾನು ಮೊದಲು ನೋಡುವುದು ಅಂಚನ್ನು.

ಗೇಟಿನ ಮುಂದೆ ನಿಂತು ಮನೆಯ ಪೋರ್ಟಿಕೋ ರಸ್ತೆಗಿಂತ ಮೇಲಿದೆಯಾ ಕೆಳಗಿದೆಯಾ ಅಂತ ನೋಡಿ. ಹಳೇ ಡಾಂಬರು ಕೆರೆದು ತೆಗೆಯದೆ ಅದರ ಮೇಲೇ ಹಾಕುತ್ತಾ ಹೋದ ಬೀದಿಗಳಲ್ಲಿ ರಸ್ತೆ ಏರುತ್ತದೆ, ಮನೆ ಅಲ್ಲೇ ಇರುತ್ತದೆ. ಒಂದು ಕಾಲಕ್ಕೆ ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಇಳಿದು ಹೋಗಬೇಕು. ಅಂಥ ಮನೆಯ ಗೇಟಿಗೆ ಅಡ್ಡಲಾಗಿ ಒಂದಡಿ ಸಿಮೆಂಟ್ ಕಟ್ಟೆ ಕಟ್ಟಿರುತ್ತಾರೆ, ಬಣ್ಣ ಹೊಡೆದು ಚೆಂದ ಮಾಡಿರುತ್ತಾರೆ. ಅದು ಅಲಂಕಾರಕ್ಕೆ ಕಟ್ಟಿದ್ದಲ್ಲ. ವೈಟ್‌ಟಾಪಿಂಗ್ ಅಂದರೆ ಹಳೇ ರಸ್ತೆಯ ಮೇಲೆ ಇನ್ನೊಂದು ಆರೆಂಟು ಇಂಚು ಕಾಂಕ್ರೀಟು. ಬಾಳಿಕೆ ಜಾಸ್ತಿ, ಗುಂಡಿ ಬೀಳುವುದು ಕಮ್ಮಿ, ನಿಜ. ಆದರೆ ಕೆಳಗಿನ ಪೈಪು ಒಡೆದರೆ ಕಾಂಕ್ರೀಟು ಕೊರೆಯಬೇಕು, ಬದಿಯ ಚರಂಡಿ ಸರಿಯಿಲ್ಲದಿದ್ದರೆ ನೀರು ತಗ್ಗಿನ ಮನೆಗೇ. ಬಸ್ಸು ಓಡುವ ಮೇನ್ ರೋಡಿಗೆ ವೈಟ್‌ಟಾಪಿಂಗ್ ಸರಿ. ಕ್ರಾಸ್‌ಗಳಿಗೆ ನನಗೆ ಅಷ್ಟು ಒಪ್ಪಿಗೆಯಿಲ್ಲ. ಕೆರೆದು ಹಾಕಿದ ಡಾಂಬರು ಸಾಕು.

ಇನ್ನು ಫುಟ್‌ಪಾತು. ವಸತಿ ಪ್ರದೇಶದಲ್ಲಿ ಅಡೆತಡೆಯಿಲ್ಲದೆ ಕನಿಷ್ಠ 1.8 ಮೀಟರ್ ಅಗಲ, ಎತ್ತರ 150 ಮಿಲಿಮೀಟರ್ ಮೀರಬಾರದು ಅನ್ನುವುದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿ. ನಮ್ಮಲ್ಲಿ ಫುಟ್‌ಪಾತ್ ಅಂದರೆ ಚರಂಡಿ ಮೇಲಿನ ಚಪ್ಪಡಿ. 30x40 ಸೈಟುಗಳ ಸಾಲಿನಲ್ಲಿ ಪ್ರತಿ 30 ಅಡಿಗೊಂದು ರ‍್ಯಾಂಪು ಅದನ್ನು ಕತ್ತರಿಸುತ್ತದೆ. ಹತ್ತಿ, ಇಳಿದು, ಹತ್ತಿ, ಕೊನೆಗೆ ಬೇಡಪ್ಪ ಅಂತ ಎಲ್ಲರೂ ರಸ್ತೆಯಲ್ಲೇ ನಡೆಯುತ್ತಾರೆ.

ಬೇರೆ ರೀತಿ ಮಾಡಲು ಸಾಧ್ಯವಿಲ್ಲ ಅಂತಲ್ಲ. ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆಗಳನ್ನು ಟೆಂಡರ್‌ಶೂರ್ ಮಾದರಿಯಲ್ಲಿ ಮಾಡಿದಾಗ ಉದ್ದಕ್ಕೂ ಒಂದೇ ಅಗಲದ ಲೇನು, ಅಗಲವಾದ ಫುಟ್‌ಪಾತು, ಕೇಬಲ್ಲು ಕೊಳವೆಗಳಿಗೆ ನೆಲದಡಿ ದಾರಿ ಕೊಟ್ಟರು. ಮತ್ತೆ ಮತ್ತೆ ಅಗೆಯುವ ಕೆಲಸ ತಪ್ಪಲಿ ಅನ್ನುವುದು ಉದ್ದೇಶ. 2018ರಲ್ಲಿ ಕಲ್ಲುಹಾಸು ಹಾಕಿದ ಚರ್ಚ್ ಸ್ಟ್ರೀಟ್ ಇನ್ನೊಂದು ಬಗೆ. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಅಲ್ಲಿಗೆ ಗಾಡಿಯನ್ನೇ ಬಿಡಲಿಲ್ಲ. ಅಂಗಡಿ ಬೀದಿಗೆ ಅದು ಹೊಂದುತ್ತದೆ. ನಿಮ್ಮ ಬಡಾವಣೆಯ ಸಂಘದವರು "ನಮಗೂ ಚರ್ಚ್ ಸ್ಟ್ರೀಟ್ ಥರ ಕಲ್ಲು ಹಾಕಿ" ಅಂತ ಮನವಿ ಬರೆಯುವ ಮೊದಲು ಒಮ್ಮೆ ಯೋಚಿಸಲಿ. ಕಲ್ಲಿನ ಮೇಲೆ ಟೈರು ಸದ್ದು ಮಾಡುತ್ತದೆ, ಭಾರದ ಗಾಡಿಗೆ ಕಲ್ಲು ಏಳುತ್ತದೆ. ಮನೆಗಳ ಬೀದಿಗೆ ಟೆಂಡರ್‌ಶೂರ್‌ನಿಂದ ಕಲಿಯಬೇಕಾದ್ದು ಫುಟ್‌ಪಾತಿನ ಕೆಳಗಿನ ವ್ಯವಸ್ಥೆಯನ್ನು.

"ಮುಂದೆ ಅಗಲ ಆಗತ್ತೆ ಸಾರ್"

ಇವತ್ತು 30 ಅಡಿ ಇರುವ ರಸ್ತೆ ಸಿಡಿಪಿ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ 60 ಅಡಿ ಅಂತಿದ್ದರೆ ಬ್ರೋಕರ್‌ಗೆ ಅದು ಶುಭಸುದ್ದಿ. ಹೆಚ್ಚಿನ 30 ಅಡಿ ಎಲ್ಲಿಂದ ಬರುತ್ತದೆ ಅಂತ ಕೇಳಿ. ಎರಡೂ ಬದಿಯಿಂದ 15 ಅಡಿ. ನಿಮ್ಮ ಸೈಟಿನ ಆಳ 40 ಅಡಿ ಇದ್ದರೆ ಉಳಿಯುವುದು 25. ಪರಿಹಾರ ದುಡ್ಡಿನಲ್ಲೂ ಬರಬಹುದು, ಟಿಡಿಆರ್ ಕಾಗದದಲ್ಲೂ ಬರಬಹುದು. ಯಾವಾಗ ಅನ್ನುವುದಕ್ಕೆ ನಗರದ ಹೊರಅಂಚಿಗೆ ಯೋಜಿಸಿದ ಪೆರಿಫೆರಲ್ ರಿಂಗ್ ರೋಡ್ ನೋಡಿ. 2007ರಲ್ಲಿ ಅಧಿಸೂಚನೆ ಆದದ್ದು, ಈಗ ಬೆಂಗಳೂರು ಬಿಸಿನೆಸ್ ಕಾರಿಡಾರ್ ಅಂತ ಹೆಸರು ಬದಲಾಗಿದೆ. ಜಮೀನಿನವರು ಅತ್ತ ಮಾರಲೂ ಆಗದೆ ಇತ್ತ ಪರಿಹಾರವೂ ಇಲ್ಲದೆ ವರ್ಷಗಟ್ಟಲೆ ಕಾದರು. ಗೆರೆ ನಿಮ್ಮ ಸೈಟಿನ ಮೇಲೆ ಇದ್ದರೆ ಬೆಲೆ ಎಷ್ಟೇ ಕಮ್ಮಿ ಇರಲಿ ಬಿಟ್ಟುಬಿಡಿ. ಎರಡು ಬೀದಿ ಆಚೆ ಇದ್ದರೆ ಮಾತ್ರ ಲಾಭ.

ಹಾಗಾದರೆ ಯಾವುದು?

ಅಪ್ಪ ಅಮ್ಮ ಜೊತೆಗಿದ್ದಾರೆ, ಸ್ವಂತ ಮನೆಯೇ ಬೇಕು ಅನ್ನುವವರಿಗೆ ಹಾದುಹೋಗದ 30 ಅಡಿ ಕ್ರಾಸು, ಮೇನ್ ರೋಡಿನಿಂದ ಎರಡನೆಯದೋ ಮೂರನೆಯದೋ. ಮೊದಲನೆಯದು ಬೇಡ, ಮೇನ್ ರೋಡಿನ ಪಾರ್ಕಿಂಗ್ ಎಲ್ಲ ಅಲ್ಲಿಗೇ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗುವವರು, ದಿನಕ್ಕೆರಡು ಗಂಟೆ ಟ್ರಾಫಿಕ್ಕಿನಲ್ಲಿ ಕಳೆಯುವವರು ಮೆಟ್ರೋ ಹತ್ತಿರದ ಮೇನ್ ರೋಡಿನ ಹಿಂದಿನ ಬ್ಲಾಕ್ ಫ್ಲ್ಯಾಟಿಗೆ ಹೋಗಲಿ. ಬಾಡಿಗೆ ಆದಾಯ ಬೇಕೆಂದರೆ 40 ಅಡಿ. ಕೈಲಿ ದುಡ್ಡು ಕಮ್ಮಿ, ವಯಸ್ಸು ಇದೆ, ಐದಾರು ವರ್ಷ ಧೂಳು ತಿನ್ನಲು ತಯಾರಿದ್ದೇವೆ ಅನ್ನುವವರಿಗೆ ರೆವಿನ್ಯೂ ಲೇಔಟು, ಗಲ್ಲಿಯ ಬಾಯಿಗೆ ಹತ್ತಿರದ ಸೈಟು ಮಾತ್ರ, ಕಾಗದ ವಕೀಲರಿಗೆ ತೋರಿಸಿದ ಮೇಲೆ. ಗೇಟಿನ ಲೇಔಟು ಮಕ್ಕಳು ಚಿಕ್ಕವರಿರುವ ಮನೆಗೆ ಸರಿ, ಹೊರಗಿನ ರಸ್ತೆ ಕನಿಷ್ಠ 40 ಅಡಿ ಇದ್ದು ಜಾಗ ತಗ್ಗಿನಲ್ಲಿಲ್ಲದಿದ್ದರೆ.

ಎರಡು ಬೀದಿ ಸಮಸಮ ಅನಿಸಿದರೆ, ಹಾಲು ತರಕಾರಿ ತರಲು ಮೇನ್ ರೋಡ್ ದಾಟಬೇಕಿಲ್ಲದ ಬೀದಿಯನ್ನು ಆರಿಸಿ. ಅವಸರವಿಲ್ಲದವರಿಗೆ ಇನ್ನೂ ಒಳ್ಳೇ ದಾರಿ ಇದೆ. ಅದೇ ಬೀದಿಯಲ್ಲಿ ಮೊದಲು ಬಾಡಿಗೆಗೆ ಇರಿ. ಕರಾರು ಹೇಗೂ 11 ತಿಂಗಳದ್ದು. ಏಪ್ರಿಲ್‌ನಲ್ಲಿ ಸೇರಿಕೊಂಡರೆ ಬೇಸಿಗೆಯ ನೀರು, ಮುಂಗಾರು, ಹಿಂಗಾರು ಮೂರನ್ನೂ ನೋಡಿ, ಮಾರ್ಚ್‌ಗೆ ಮುಂಚೆಯೇ ಅಡ್ವಾನ್ಸ್ ಕೊಡಬೇಕಾ ಬೇಡವಾ ಅಂತ ಹೇಳಬಹುದು.